ಗೂಡುಪೆಟ್ಟಿಗೆ (ಕೋಳಿ ಸಾಕಣೆ)

ಗೂಡುಪೆಟ್ಟಿಗೆ ಎಂದರೆ ಸಾಕಿದ ಹೇಂಟೆಗಳು ಮೊಟ್ಟೆಯಿಡುವುದಕ್ಕೆಂದು ಕೋಳಿಮನೆಯೊಳಗೆ ಒದಗಿಸುವ, ಸುತ್ತಲೂ ಮರೆಯಿರುವ, ಮಬ್ಬುಗತ್ತಲಿನ ಸಣ್ಣ ಸ್ಥಳ. ಮರದ ಹಲಗೆ, ತಗಡು, ಪ್ಲಾಸ್ಟಿಕ್, ಬಿದಿರು, ಮಣ್ಣು ಮೊದಲಾದ ಯಾವುದೇ ವಸ್ತುವಿನಿಂದ ಇದನ್ನು ಮಾಡಬಹುದು. ಒಳಗೆ ಒಣಹುಲ್ಲು, ಭತ್ತದ ಹೊಟ್ಟು ಅಥವಾ ಮರದ ಪುಡಿಯ ಹಾಸು ಇರುತ್ತದೆ. ಮೊಟ್ಟೆಗಳು ಒಡೆಯದಂತೆ, ಕೊಳೆಯಾಗದಂತೆ, ಕಳೆದುಹೋಗದಂತೆ ಒಂದೇ ಕಡೆ ದೊರೆಯಬೇಕೆಂಬುದು ಸಾಕುವವರ ಉದ್ದೇಶ. ಮರೆಯಾದ, ಸುರಕ್ಷಿತವಾದ ಜಾಗ ಬೇಕೆಂಬುದು ಹೇಂಟೆಯ ಉದ್ದೇಶ. ಈ ಎರಡು ಉದ್ದೇಶಗಳು ಕೂಡಿದಾಗ ಮಾತ್ರ ಪೆಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆಯನ್ನು ತಂದಿಟ್ಟ ಮಾತ್ರಕ್ಕೆ ಕೋಳಿ ಅದರಲ್ಲಿ ಮೊಟ್ಟೆಯಿಡುವುದಿಲ್ಲ. ಬಣವೆಯ ಸಂದು, ಸೌದೆಯ ರಾಶಿ, ಅಟ್ಟದ ಮೂಲೆ, ಬೇಲಿಯ ಬುಡ ಇವುಗಳಲ್ಲಿ ಯಾವುದಾದರೂ ಪೆಟ್ಟಿಗೆಗಿಂತ ಮೇಲೆಂದು ತೋರಿದರೆ ಹೇಂಟೆ ಅಲ್ಲಿಗೇ ಹೋಗುತ್ತದೆ. ಸ್ಥಳವನ್ನು ಆರಿಸುವ ಈ ಸ್ವಭಾವ ಹುಟ್ಟಿನಿಂದ ಬಂದದ್ದು. ಅದನ್ನು ಹಟಮಾರಿತನವೆಂದು ತಿಳಿಯುವುದು ಸರಿಯಲ್ಲ.

ಹೆಸರು

ಕನ್ನಡದಲ್ಲಿ 'ಗೂಡು' ಎಂಬ ಪದವು ಕೋಳಿಯ ವಿಷಯದಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ರಾತ್ರಿ ಕೋಳಿಗಳನ್ನು ಕೂಡಿಹಾಕುವ ಚಿಕ್ಕ ಮನೆಗೂ ಕೋಳಿಗೂಡು ಎನ್ನುತ್ತಾರೆ, ಮೊಟ್ಟೆಯಿಡುವ ಜಾಗಕ್ಕೂ ಗೂಡು ಎನ್ನುತ್ತಾರೆ. ಮೊದಲನೆಯದು ಮಲಗುವ ಸ್ಥಳ, ಎರಡನೆಯದು ಹೆರುವ ಸ್ಥಳ. ಈ ಗೊಂದಲವನ್ನು ತಪ್ಪಿಸಲು ಈ ಲೇಖನದಲ್ಲಿ ಮೊದಲನೆಯದನ್ನು ಕೋಳಿಮನೆ ಎಂದೂ ಎರಡನೆಯದನ್ನು ಗೂಡುಪೆಟ್ಟಿಗೆ ಎಂದೂ ಕರೆಯಲಾಗಿದೆ. ಮೊಟ್ಟೆಯಿಡುವ ಹೆಣ್ಣುಕೋಳಿಗೆ ಹೇಂಟೆ ಎಂಬುದು ಗ್ರಾಂಥಿಕ ರೂಪ; ಆಡುಮಾತಿನಲ್ಲಿ ಹ್ಯಾಟೆ, ಯಾಟೆ ಎಂಬ ರೂಪಗಳಿವೆ.

ವರ್ತನೆಯ ಹಿನ್ನೆಲೆ

ಸಾಕುಕೋಳಿಯ ಮುಖ್ಯ ಮೂಲಪುರುಷ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಇದರ ವೈಜ್ಞಾನಿಕ ಹೆಸರು ಗ್ಯಾಲಸ್ ಗ್ಯಾಲಸ್. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಕಾಣುವ ಬೂದು ಕಾಡುಕೋಳಿ ಅದರ ಹತ್ತಿರದ ಸಂಬಂಧಿ. ಕಾಡುಕೋಳಿಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಹಗಲೆಲ್ಲ ನೆಲ ಕೆದಕಿ, ರಾತ್ರಿ ಕೊಂಬೆಯ ಮೇಲೆ ಮಲಗಿ, ಮೊಟ್ಟೆಯಿಡುವ ಕಾಲಕ್ಕೆ ಮಾತ್ರ ಹೇಂಟೆ ಗುಂಪಿನಿಂದ ದೂರ ಸರಿದು ಬಿದಿರುಮೆಳೆಯ ಅಥವಾ ಪೊದೆಯ ಕೆಳಗೆ ನೆಲದಲ್ಲಿ ಚಿಕ್ಕ ಗುಳಿ ಮಾಡಿಕೊಳ್ಳುತ್ತದೆ. ನೆಲದ ಮೇಲಿನ ಗೂಡಿಗೆ ಹಾವು, ಮುಂಗುಸಿ, ಉಡಗಳ ಭಯ ಸದಾ ಇರುತ್ತದೆ. ಆದ್ದರಿಂದ ಮರೆಯ ಜಾಗವನ್ನು ಆರಿಸಿದ ಹೇಂಟೆಯ ಸಂತತಿಯೇ ಉಳಿದು ಬೆಳೆಯಿತು. ಮನುಷ್ಯನ ಆಶ್ರಯದಲ್ಲಿ ಸಾವಿರಾರು ವರ್ಷ ಕಳೆದರೂ ಈ ಗುಣ ಸಾಕುಕೋಳಿಯಿಂದ ಹೋಗಿಲ್ಲ.

ಅಂಡಾಶಯದಿಂದ ಹಳದಿ ಲೋಳೆ ಬಿಡುಗಡೆಯಾದ ಮೇಲೆ ಮೊಟ್ಟೆ ಪೂರ್ಣಗೊಂಡು ಹೊರಬರಲು ಸುಮಾರು 25 ಗಂಟೆ ಬೇಕು. ಇದರಲ್ಲಿ ಹೆಚ್ಚಿನ ಭಾಗ, ಎಂದರೆ ಸುಮಾರು 20 ಗಂಟೆ, ಚಿಪ್ಪು ಕಟ್ಟುವುದರಲ್ಲಿ ಕಳೆಯುತ್ತದೆ. ದಿನಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುವುದರಿಂದ ಒಂದು ಹೇಂಟೆ ಇಂದಿಗಿಂತ ನಾಳೆ ಸ್ವಲ್ಪ ತಡವಾಗಿ ಮೊಟ್ಟೆಯಿಟ್ಟು, ಹೀಗೆ ಕೆಲವು ದಿನ ನಡೆದ ಮೇಲೆ ಒಂದು ದಿನ ಬಿಡುತ್ತದೆ. ಹಾಗಿದ್ದರೂ ಒಂದು ಹಿಂಡಿನ ಬಹುಪಾಲು ಮೊಟ್ಟೆಗಳು ಬೆಳಗಿನ ಹೊತ್ತಿನಲ್ಲೇ ಬರುತ್ತವೆ.

ಮೊಟ್ಟೆಯಿಡುವುದಕ್ಕೆ ಒಂದೆರಡು ಗಂಟೆ ಮೊದಲೇ ಹೇಂಟೆಯ ನಡವಳಿಕೆ ಬದಲಾಗುತ್ತದೆ. ಮೇವನ್ನು ಬಿಟ್ಟು ಅತ್ತಿತ್ತ ಸುಳಿದಾಡುತ್ತದೆ, ಕತ್ತು ಚಾಚಿ ಮೂಲೆಮೂಲೆಗಳನ್ನು ಇಣುಕಿ ನೋಡುತ್ತದೆ, ಎಳೆದೆಳೆದು ಒಂದು ಬಗೆಯ ದನಿ ಮಾಡುತ್ತದೆ. ಒಂದು ಪೆಟ್ಟಿಗೆಗೆ ಹೊಕ್ಕು ಹೊರಬಂದು ಇನ್ನೊಂದಕ್ಕೆ ಹೋಗುತ್ತದೆ. ಕೊನೆಗೆ ಒಂದರಲ್ಲಿ ಕುಳಿತು, ಎದೆಯಿಂದ ಹಾಸನ್ನು ಒತ್ತಿ, ಸುತ್ತ ತಿರುಗಿ, ಹುಲ್ಲಿನ ಎಳೆಗಳನ್ನು ಕೊಕ್ಕಿನಿಂದ ಮೈಮೇಲೆ ಎಳೆದುಕೊಂಡು ಗುಳಿ ಮಾಡಿಕೊಳ್ಳುತ್ತದೆ. ಮೊಟ್ಟೆಯಿಟ್ಟ ಮೇಲೆ ಎದ್ದು ಹೊರಬಂದು ಕೊಕ್ಕೊಕ್ಕೋ ಎಂದು ಕೂಗಿ ಊರಿಗೆಲ್ಲ ತಿಳಿಸುತ್ತದೆ. ಅಷ್ಟು ಗುಟ್ಟಾಗಿ ಜಾಗ ಹುಡುಕಿದ ಪಕ್ಷಿ ಕೆಲಸ ಮುಗಿದೊಡನೆ ಹೀಗೆ ಸಾರುವುದು ವಿಚಿತ್ರವಾಗಿ ಕಾಣಬಹುದು. ಕೂಗು ಕೇಳಿ ಹುಂಜ ಬಂದು ಹೇಂಟೆಯನ್ನು ಗುಂಪಿಗೆ ಮರಳಿ ಕರೆದೊಯ್ಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಆಸ್ಟ್ರೇಲಿಯದ ನಾರ್ತ್ ವೆಸ್ಟ್ ದ್ವೀಪದಲ್ಲಿ ಕಾಡುಬಿದ್ದ ಸಾಕುಕೋಳಿಗಳನ್ನು ಗ್ಲೆನ್ ಮೆಕ್‌ಬ್ರೈಡ್ ಮತ್ತು ಸಂಗಡಿಗರು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನ ಕೋಳಿಗಳ ಇಂತಹ ಸಾಮಾಜಿಕ ನಡವಳಿಕೆಯನ್ನು ವಿವರಿಸಿದ ಮುಖ್ಯ ಕೃತಿಗಳಲ್ಲಿ ಒಂದು.

ಗೂಡನ್ನು ಹುಡುಕುವಂತೆ ಹೇಂಟೆಯನ್ನು ಪ್ರೇರಿಸುವುದು ಹೊಟ್ಟೆಯಲ್ಲಿರುವ ಮೊಟ್ಟೆಯ ಒತ್ತಡವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡೇವಿಡ್ ವುಡ್-ಗಶ್ ಮತ್ತು ಗಿಲ್ಬರ್ಟ್ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಬೇರೊಂದು ಕಾರಣವನ್ನು ತೋರಿಸಿದವು. ಹಿಂದಿನ ದಿನ ಹಳದಿ ಲೋಳೆಯನ್ನು ಬಿಡುಗಡೆ ಮಾಡಿ ಅಂಡಾಶಯದಲ್ಲಿ ಉಳಿದ ಖಾಲಿ ಕೋಶವೇ ಮರುದಿನದ ಗೂಡಿನ ಹುಡುಕಾಟಕ್ಕೆ ಚಾಲನೆ ಕೊಡುತ್ತದೆ. ಆ ಕೋಶವನ್ನು ತೆಗೆದುಹಾಕಿದಾಗ ಗೂಡಿನ ನಡವಳಿಕೆ ಕೆಡುತ್ತದೆ. ಹಳದಿ ಲೋಳೆ ಅಂಡನಾಳಕ್ಕೆ ಸೇರದೆ ಒಡಲಿನೊಳಗೇ ಬಿದ್ದುಹೋದ ಹೇಂಟೆಯೂ ಮರುದಿನ ಗೂಡಿಗೆ ಹೋಗಿ ಕೂರುತ್ತದೆ. ಇಡಲು ಮೊಟ್ಟೆಯೇ ಇರುವುದಿಲ್ಲ. ಹೀಗೆ ಗೂಡಿನ ಬಯಕೆ ಹಾರ್ಮೋನುಗಳಿಂದ ಒಳಗಿನಿಂದಲೇ ಹುಟ್ಟುತ್ತದೆ. ಹೊರಗೆ ಗೂಡು ಇದ್ದರೂ ಇಲ್ಲದಿದ್ದರೂ ಅದು ಹುಟ್ಟಿಯೇ ತೀರುತ್ತದೆ.

ಆ ಬಯಕೆ ಎಷ್ಟು ಬಲವಾದದ್ದು ಎಂಬುದನ್ನೂ ಅಳೆಯಲಾಗಿದೆ. ಬ್ರಿಟನ್ನಿನ ಕೂಪರ್ ಮತ್ತು ಆಪಲ್‌ಬಿ ಎಂಬ ಸಂಶೋಧಕರು ಗೂಡಿನ ದಾರಿಗೆ ಬಿಗಿಯಾದ ಬಾಗಿಲನ್ನು ಇಟ್ಟು, ಅದನ್ನು ತಳ್ಳಲು ಹೇಂಟೆಗಳು ಎಷ್ಟು ಶ್ರಮಪಡುತ್ತವೆಂದು ನೋಡಿದರು. ಮೊಟ್ಟೆಯಿಡುವ ಗಳಿಗೆ ಹತ್ತಿರವಾದಂತೆ ಶ್ರಮ ಏರುತ್ತ ಹೋಯಿತು. ಕೆಲವು ಗಂಟೆ ಮೇವಿಲ್ಲದೆ ಇದ್ದ ಹೇಂಟೆ ಮೇವಿಗಾಗಿ ಪಡುವ ಶ್ರಮವನ್ನೂ ಅದು ಮೀರಿತು.

ಇತಿಹಾಸ

ಕೋಳಿಗೆ ಗೂಡು ಒದಗಿಸುವ ರೂಢಿ ಪ್ರಾಚೀನವಾದುದು. ಕ್ರಿ. ಶ. ಒಂದನೆಯ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ಕೃಷಿಯನ್ನು ಕುರಿತ ತನ್ನ ಗ್ರಂಥದ ಎಂಟನೆಯ ಸಂಪುಟದಲ್ಲಿ ಕೋಳಿಮನೆಯ ವಿವರ ಕೊಟ್ಟಿದ್ದಾನೆ. ಅಡುಗೆಮನೆಯ ಹೊಗೆ ತಾಗುವಂತಿರುವ ಜಾಗ ಕೋಳಿಗಳಿಗೆ ಹಿತವೆಂದು ಅವನ ಅಭಿಪ್ರಾಯ. ಗೂಡುಗಳನ್ನು ಗೋಡೆಯೊಳಗೇ ಸಾಲಾಗಿ ಬಿಡಬಹುದು, ಇಲ್ಲವೆ ಗೂಟಕ್ಕೆ ಬುಟ್ಟಿಗಳನ್ನು ಸಿಕ್ಕಿಸಬಹುದು ಎನ್ನುತ್ತಾನೆ. ಗೂಡಿನ ಮುಂದೆ ಕಾಲೂರಲು ಜಗಲಿಯಂತಹ ಜಾಗ ಇರಬೇಕು, ಇಲ್ಲದಿದ್ದರೆ ಹೇಂಟೆ ನೇರವಾಗಿ ಗೂಡಿನೊಳಗೆ ಹಾರಿ ಕಾಲಿನಿಂದ ಮೊಟ್ಟೆಗಳನ್ನು ಒಡೆಯುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಪೆಟ್ಟಿಗೆಗಳ ಮುಂದೆ ಜೋಡಿಸುವ ಅಡ್ಡಪಟ್ಟಿಯ ಕಾರಣವೂ ಇದೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೂಡುಪೆಟ್ಟಿಗೆಗೆ ಹೊಸ ಕೆಲಸವೊಂದು ಸೇರಿತು. ಹೇಂಟೆ ಒಳಹೊಕ್ಕೊಡನೆ ಬಾಗಿಲು ತಾನಾಗಿ ಬೀಳುವ, ಬೋನಿನಂತಹ ಪೆಟ್ಟಿಗೆಗಳು ಬಳಕೆಗೆ ಬಂದವು. ಸಾಕುವವರು ಬಂದು ಬಿಡಿಸುವವರೆಗೆ ಹೇಂಟೆ ಒಳಗೇ ಇರುವುದರಿಂದ ಯಾವ ಮೊಟ್ಟೆ ಯಾವ ಹೇಂಟೆಯದೆಂದು ಬರೆದಿಡುವುದು ಸಾಧ್ಯವಾಯಿತು. ಅಮೆರಿಕದ ಮೇಯ್ನ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ 1898ರಿಂದ ಇಂತಹ ಬೋನುಗೂಡುಗಳ ದಾಖಲೆಯನ್ನು ಆಧರಿಸಿ ಹೆಚ್ಚು ಮೊಟ್ಟೆಯಿಡುವ ಹೇಂಟೆಗಳನ್ನು ಆರಿಸುವ ಕೆಲಸ ನಡೆಯಿತು. ಮುಂದೆ ಬಂದ ಅಧಿಕ ಇಳುವರಿಯ ತಳಿಗಳಿಗೆ ಈ ಬಗೆಯ ಲೆಕ್ಕವೇ ಅಡಿಪಾಯ.

ರಚನೆ

ಒಂಟಿ ಪೆಟ್ಟಿಗೆಯ ಅಗಲ, ಆಳ ಮತ್ತು ಎತ್ತರ ಸಾಮಾನ್ಯವಾಗಿ 30 ಸೆಂಟಿಮೀಟರಿನಿಂದ 35 ಸೆಂಟಿಮೀಟರು. ಗಾತ್ರದ ತಳಿಗಳಿಗೆ ಇದಕ್ಕಿಂತ ಸ್ವಲ್ಪ ದೊಡ್ಡದು ಬೇಕು. ಹೇಂಟೆ ಒಳಗೆ ತಿರುಗಾಡುವಷ್ಟು ಸ್ಥಳ ಸಾಕು; ತೀರ ದೊಡ್ಡದಾದರೆ ಎರಡು ಮೂರು ಹೇಂಟೆಗಳು ಒಟ್ಟಿಗೆ ನುಗ್ಗಿ ಮೊಟ್ಟೆ ಒಡೆಯುತ್ತವೆ. ನಾಲ್ಕೈದು ಹೇಂಟೆಗಳಿಗೆ ಒಂದು ಪೆಟ್ಟಿಗೆ ಎಂಬ ಲೆಕ್ಕವನ್ನು ಸಾಕಣೆಯ ಕೈಪಿಡಿಗಳು ಕೊಡುತ್ತವೆ. ಆದರೆ ಹೇಂಟೆಗಳು ಈ ಲೆಕ್ಕವನ್ನು ಪಾಲಿಸುವುದಿಲ್ಲ. ಹತ್ತು ಪೆಟ್ಟಿಗೆಗಳಿದ್ದರೂ ಎಲ್ಲವೂ ಒಂದೆರಡಕ್ಕೇ ಸರದಿ ನಿಲ್ಲುವುದುಂಟು. ಸಾಲಿನ ತುದಿಯ ಪೆಟ್ಟಿಗೆ, ಮೂಲೆಯದು, ಆಗಲೇ ಮೊಟ್ಟೆಯಿರುವುದು, ಇನ್ನೊಂದು ಹೇಂಟೆ ಕುಳಿತಿರುವುದು ಇವು ಹೆಚ್ಚು ಮೆಚ್ಚಿಗೆಯಾಗುತ್ತವೆ.

ಪೆಟ್ಟಿಗೆಯ ಮುಂಭಾಗದ ಕೆಳ ಅಂಚಿಗೆ ಸುಮಾರು ನಾಲ್ಕು ಬೆರಳು ಎತ್ತರದ ಪಟ್ಟಿ ಇದ್ದರೆ ಹಾಸು ಮತ್ತು ಮೊಟ್ಟೆ ಹೊರಗೆ ಉರುಳುವುದಿಲ್ಲ. ಛಾವಣಿ ಚಪ್ಪಟೆಯಾಗಿದ್ದರೆ ಕೋಳಿಗಳು ಅದರ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆದ್ದರಿಂದ ಕಡಿದಾದ ಇಳಿಜಾರು ಇರಬೇಕು. ಬಾಗಿಲಿಗೆ ಗೋಣಿಚೀಲದ ತುಂಡನ್ನು ಅರ್ಧ ಇಳಿಬಿಟ್ಟರೆ ಒಳಗೆ ಮಬ್ಬು ಉಂಟಾಗುತ್ತದೆ. ಈ ಮಬ್ಬಿಗೆ ಇನ್ನೊಂದು ಪ್ರಯೋಜನವೂ ಇದೆ: ಮೊಟ್ಟೆಯಿಟ್ಟ ಗಳಿಗೆಯಲ್ಲಿ ಹೇಂಟೆಯ ಗುದದ್ವಾರದ ಕೆಂಪು ಒಳಪದರ ಕ್ಷಣಕಾಲ ಹೊರಗೆ ಕಾಣುತ್ತದೆ. ಬೆಳಕಿನಲ್ಲಿ ಅದು ಕಣ್ಣಿಗೆ ಬಿದ್ದರೆ ಇತರ ಕೋಳಿಗಳು ಅಲ್ಲಿಗೆ ಕುಕ್ಕಲು ತೊಡಗುತ್ತವೆ. ಒಮ್ಮೆ ರಕ್ತ ಬಂದರೆ ಕುಕ್ಕಾಟ ನಿಲ್ಲುವುದಿಲ್ಲ, ಹೇಂಟೆ ಸತ್ತೇ ಹೋಗಬಹುದು.

ಪೆಟ್ಟಿಗೆಯ ಎತ್ತರ ಮುಖ್ಯವಾದ ವಿಷಯ. ಕೋಳಿಗಳು ರಾತ್ರಿ ಮಲಗಲು ಇರುವುದರಲ್ಲಿ ಎತ್ತರದ ಜಾಗವನ್ನು ಆರಿಸುತ್ತವೆ. ಪೆಟ್ಟಿಗೆ ಮಲಗುವ ಅಡ್ಡಗೋಲಿಗಿಂತ ಮೇಲಿದ್ದರೆ ಅವು ಪೆಟ್ಟಿಗೆಯಲ್ಲೇ ಮಲಗಿ, ಬೆಳಗಾಗುವಷ್ಟರಲ್ಲಿ ಅದನ್ನು ಹಿಕ್ಕೆಯಿಂದ ತುಂಬಿಸುತ್ತವೆ. ಆದ್ದರಿಂದ ಅಡ್ಡಗೋಲು ಮೇಲೆ, ಪೆಟ್ಟಿಗೆ ಕೆಳಗೆ ಇರಬೇಕು. ಮೊಣಕಾಲೆತ್ತರ ಸಾಮಾನ್ಯವಾಗಿ ಸರಿಹೋಗುತ್ತದೆ. ಭಾರವಾದ ತಳಿಗಳಿಗೆ ನೆಲದ ಮಟ್ಟದಲ್ಲೇ ಇಡಬೇಕು, ಇಲ್ಲವೆ ಹತ್ತಲು ಏಣಿಯಂತಹ ಹಲಗೆ ಕೊಡಬೇಕು.

ದೊಡ್ಡ ಸಾಕಣೆ ಕೇಂದ್ರಗಳಲ್ಲಿ ಅನೇಕ ಹೇಂಟೆಗಳು ಒಟ್ಟಿಗೆ ಬಳಸುವ ಸಾಮೂಹಿಕ ಗೂಡುಗಳೂ, ಇಳಿಜಾರಾದ ತಳದಿಂದ ಮೊಟ್ಟೆ ತಾನಾಗಿ ಹೊರಗಿನ ತಟ್ಟೆಗೆ ಉರುಳುವ ಗೂಡುಗಳೂ ಇವೆ.

ರೂಢಿ ಮಾಡಿಸುವುದು

ಹೇಂಟೆ ತನ್ನ ಮೊದಲ ಕೆಲವು ಮೊಟ್ಟೆಗಳನ್ನು ಎಲ್ಲಿಡುತ್ತದೆಯೋ ಮುಂದೆಯೂ ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯ ರೂಢಿ ಮಾಡಿಸಬೇಕಾದ ಕಾಲ ಮೊಟ್ಟೆ ಶುರುವಾಗುವ ಮೊದಲ ವಾರಗಳು. ಅಧಿಕ ಇಳುವರಿಯ ತಳಿಗಳು ಸುಮಾರು 18ರಿಂದ 20 ವಾರಗಳ ವಯಸ್ಸಿಗೆ ಮೊಟ್ಟೆಯಿಡಲು ತೊಡಗುತ್ತವೆ, ನಾಟಿ ಕೋಳಿಗಳು ಇನ್ನೂ ತಡವಾಗಿ. ಬಾಚಣಿಗೆಯಂತಹ ಜುಟ್ಟು ಕೆಂಪೇರುವುದು, ಹತ್ತಿರ ಹೋದರೆ ಹೇಂಟೆ ನೆಲಕ್ಕೆ ಕುಗ್ಗಿ ಕೂರುವುದು ಕಾಲ ಸಮೀಪಿಸಿದ್ದರ ಗುರುತು. ಇದಕ್ಕೆ ಎರಡು ವಾರ ಮೊದಲೇ ಪೆಟ್ಟಿಗೆಗಳನ್ನು ತೆರೆದಿಟ್ಟರೆ ಎಳೆಯ ಹೇಂಟೆಗಳು ಹೊಕ್ಕು ಹೊರಟು ಪರಿಚಯ ಮಾಡಿಕೊಳ್ಳುತ್ತವೆ. ಮೊಟ್ಟೆ ನೆಲದಲ್ಲಿ ಕಾಣತೊಡಗಿದ ಮೇಲೆ ಪೆಟ್ಟಿಗೆ ಮಾಡಿಸಲು ಬಡಗಿಯ ಬಳಿಗೆ ಓಡುವುದು ಸಾಮಾನ್ಯವಾಗಿ ನಡೆಯುವ ತಪ್ಪು.

ಇದಕ್ಕೂ ಹಿಂದಿನ ಸಿದ್ಧತೆಯೊಂದಿದೆ. ಮರಿಗಳಿದ್ದಾಗಲೇ ಅಡ್ಡಗೋಲಿಗೆ ಹಾರಿ ಕೂರುವುದನ್ನು ಕಲಿತ ಕೋಳಿಗಳು ಮುಂದೆ ಎತ್ತರದ ಪೆಟ್ಟಿಗೆಗಳನ್ನು ಸುಲಭವಾಗಿ ಬಳಸುತ್ತವೆ. ಸ್ವೀಡನ್ನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ವಾರಗಳ ವಯಸ್ಸಿನೊಳಗೆ ಅಡ್ಡಗೋಲು ದೊರೆತ ಹಿಂಡುಗಳಲ್ಲಿ ನೆಲದ ಮೊಟ್ಟೆ ಕಡಿಮೆಯಿರುವುದನ್ನು ತೋರಿಸಿತು. ಬರಿಯ ನೆಲದಲ್ಲಿ ಬೆಳೆದ ಕೋಳಿಗೆ ಮೇಲಕ್ಕೆ ಹತ್ತುವ ಯೋಚನೆಯೇ ಬರುವುದಿಲ್ಲ.

ಪೆಟ್ಟಿಗೆಯೊಳಗೆ ಒಂದು ಹುಸಿ ಮೊಟ್ಟೆಯನ್ನು ಇಡುವುದು ಎಲ್ಲ ದೇಶಗಳಲ್ಲೂ ಕಾಣುವ ಉಪಾಯ. ಮರದ್ದು, ಸುಣ್ಣದ ಕಲ್ಲಿನದು, ಪ್ಲಾಸ್ಟಿಕ್ಕಿನದು, ಕಡೆಗೆ ಗಾಲ್ಫ್ ಚೆಂಡಾದರೂ ಆದೀತು. ಬೇರೊಂದು ಹೇಂಟೆ ಇಲ್ಲಿ ಮೊಟ್ಟೆಯಿಟ್ಟಿದೆ, ಅದು ಕಳುವಾಗದೆ ಉಳಿದಿದೆ ಎಂಬುದು ಹೊಸ ಹೇಂಟೆಗೆ ಆ ಜಾಗದ ಬಗ್ಗೆ ಭರವಸೆ ಕೊಡುತ್ತದೆ. ನಮ್ಮ ಹಳ್ಳಿಗಳಲ್ಲಿ ನಿಜವಾದ ಮೊಟ್ಟೆಯೊಂದನ್ನೇ ಬುಟ್ಟಿಯಲ್ಲಿ ಬಿಟ್ಟು ಉಳಿದವನ್ನು ತೆಗೆಯುವ ರೂಢಿಯಿದೆ. ಎಲ್ಲವನ್ನೂ ತೆಗೆದರೆ ಹೇಂಟೆ ಮರುದಿನ ಜಾಗ ಬದಲಾಯಿಸುತ್ತದೆಂಬುದು ಅನುಭವದ ಮಾತು. ಹೀಗೆ ಬಿಟ್ಟ ಮೊಟ್ಟೆಗೆ ಇದ್ದಲಿನಿಂದ ಗುರುತು ಹಾಕದಿದ್ದರೆ ಅದು ಹಳೆಯದಾಗಿ, ಹೊಸ ಮೊಟ್ಟೆಗಳ ಜೊತೆ ಬೆರೆತು ಅಡುಗೆಮನೆಗೆ ಬರುವ ಅಪಾಯವಿದೆ. ಇಂಗ್ಲಿಷಿನಲ್ಲಿ ಮುಂದಿನ ಕಾಲಕ್ಕೆಂದು ಕೂಡಿಟ್ಟ ಹಣಕ್ಕೆ 'ನೆಸ್ಟ್ ಎಗ್' ಎನ್ನುವ ನುಡಿ ಹುಟ್ಟಿದ್ದು ಗೂಡಿನಲ್ಲಿ ಬಿಡುವ ಈ ಮೊಟ್ಟೆಯಿಂದಲೇ.

ಮೊದಲ ವಾರಗಳಲ್ಲಿ ನೆಲದ ಮೇಲೆ ಕಂಡ ಮೊಟ್ಟೆಯನ್ನು ಆಗಿಂದಾಗ್ಗೆ ತೆಗೆಯಬೇಕು. ಬಿಟ್ಟ ಒಂದೇ ಮೊಟ್ಟೆ ಇತರ ಹೇಂಟೆಗಳಿಗೆ ಆಹ್ವಾನವಾಗುತ್ತದೆ. ಪೆಟ್ಟಿಗೆಯಲ್ಲಿ ಸಹಾಯ ಮಾಡುವ ಸ್ವಭಾವವೇ ಇಲ್ಲಿ ತೊಂದರೆ ಮಾಡುತ್ತದೆ. ಕೋಳಿಮನೆಯ ಕತ್ತಲ ಮೂಲೆಗಳಿಗೆ ಬೆಳಕು ಬೀಳುವಂತೆ ಮಾಡುವುದು, ಮೂಲೆಗಳನ್ನು ಹಲಗೆಯಿಂದ ಓರೆಯಾಗಿ ಮುಚ್ಚುವುದು, ನೆಲದ ಹಾಸನ್ನು ಆ ಅವಧಿಯಲ್ಲಿ ತೆಳುವಾಗಿರಿಸಿ ಪೆಟ್ಟಿಗೆಯ ಹಾಸನ್ನು ದಪ್ಪವಾಗಿರಿಸುವುದು ಇವೆಲ್ಲ ಒಂದೇ ತತ್ವದ ಬೇರೆ ಬೇರೆ ರೂಪಗಳು: ಪೆಟ್ಟಿಗೆಯ ಹೊರಗಿನ ಜಾಗ ಅಹಿತವಾಗಬೇಕು, ಒಳಗಿನದು ಹಿತವಾಗಬೇಕು. ಮೂಲೆಯಲ್ಲಿ ಗುಳಿ ತೋಡುತ್ತಿರುವ ಹೇಂಟೆ ಕಂಡರೆ ಅದನ್ನು ಮೆಲ್ಲನೆ ಎತ್ತಿ ಪೆಟ್ಟಿಗೆಯೊಳಗೆ ಕೂರಿಸಬಹುದು. ಬೈದು ಅಟ್ಟಿಸಿದರೆ ಅದು ಬೆದರಿ ಇನ್ನೂ ದೂರದ ಜಾಗ ಹುಡುಕುತ್ತದೆ.

ಹೊರಗೆ ಬಿಟ್ಟು ಮೇಯಿಸುವ ಕೋಳಿಗಳನ್ನು ಬೆಳಗ್ಗೆ ಹತ್ತು ಹನ್ನೊಂದು ಗಂಟೆಯವರೆಗೆ ಒಳಗೇ ಇರಿಸಿದರೆ ಹೆಚ್ಚಿನವು ಪೆಟ್ಟಿಗೆಯಲ್ಲೇ ಮೊಟ್ಟೆಯಿಟ್ಟು ಹೊರಬರುತ್ತವೆ. ಕೆಲವು ದಿನ ಹೀಗೆ ಮಾಡಿದರೆ ಬಯಲಿನಲ್ಲಿ ಅಡಗಿಸಿ ಇಡುತ್ತಿದ್ದ ಹೇಂಟೆಯೂ ದಾರಿಗೆ ಬರುತ್ತದೆ. ಕೂಡಿಹಾಕಿದಾಗ ನೀರು, ಮೇವು ಒಳಗೆ ಇರಲೇಬೇಕು. ಬೆಳಗಿನ ಹೊತ್ತಿನಲ್ಲಿ ಕೋಳಿಮನೆಯ ಕಸ ಗುಡಿಸುವುದು, ಅಪರಿಚಿತರನ್ನು ಒಳಗೆ ಬಿಡುವುದು, ನಾಯಿಯನ್ನು ಹತ್ತಿರ ಸುಳಿಯಗೊಡುವುದು ಇವು ಪೆಟ್ಟಿಗೆಯಲ್ಲಿ ಕುಳಿತ ಹೇಂಟೆಯನ್ನು ಎಬ್ಬಿಸುತ್ತವೆ. ಹೀಗೆ ಎದ್ದುಹೋದ ಹೇಂಟೆ ಮೊಟ್ಟೆಯನ್ನು ಕೆಲವು ಗಂಟೆ ಒಳಗೇ ತಡೆಹಿಡಿಯಬಲ್ಲದು. ಆಗ ಚಿಪ್ಪಿನ ಮೇಲೆ ಸುಣ್ಣದ ಪುಡಿಯಂತಹ ಬಿಳಿ ಲೇಪ ಹೆಚ್ಚುವರಿಯಾಗಿ ಕೂರುತ್ತದೆ. ಕಂದು ಮೊಟ್ಟೆಯ ಮೇಲೆ ಇಂತಹ ಮಸುಕು ಪದೇ ಪದೇ ಕಂಡರೆ ಹಿಂಡಿಗೆ ಏನೋ ಕಿರಿಕಿರಿ ಇದೆಯೆಂದು ತಿಳಿಯಬೇಕು.

ಹಿಂಡಿನಲ್ಲಿ ಮೇಲುಕೀಳಿನ ಕ್ರಮವಿರುತ್ತದೆ. ಬಲಿಷ್ಠ ಹೇಂಟೆ ಮೆಚ್ಚಿನ ಪೆಟ್ಟಿಗೆಯನ್ನು ಹಿಡಿದರೆ ಕೆಳಗಿನದು ಕಾದು ಕಾದು ಕೊನೆಗೆ ನೆಲದಲ್ಲೇ ಇಡುತ್ತದೆ. ಯಾವಾಗಲೂ ಒಂದೇ ಹೇಂಟೆ ತಪ್ಪು ಮಾಡುತ್ತಿದೆ ಎನಿಸಿದಾಗ ಅದರ ದೋಷಕ್ಕಿಂತ ಅದಕ್ಕೆ ಸಿಗದ ಅವಕಾಶವನ್ನು ನೋಡುವುದು ಒಳ್ಳೆಯದು.

ನೆಲದ ಮೊಟ್ಟೆ

ಪೆಟ್ಟಿಗೆಯ ಹೊರಗೆ ಇಟ್ಟ ಮೊಟ್ಟೆಗೆ ನೆಲದ ಮೊಟ್ಟೆ ಎನ್ನುತ್ತಾರೆ. ಹೊರಬಂದ ಗಳಿಗೆಯಲ್ಲಿ ಮೊಟ್ಟೆ ಹೇಂಟೆಯ ಮೈಯಷ್ಟೇ ಬಿಸಿಯಾಗಿದ್ದು, ಮೇಲಿನ ರಕ್ಷಕ ಪೊರೆ ಇನ್ನೂ ಹಸಿಯಾಗಿರುತ್ತದೆ. ತಣಿಯುತ್ತ ಒಳಗಿನ ದ್ರವ ಕುಗ್ಗಿದಂತೆ ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಆಗ ಚಿಪ್ಪು ಹಿಕ್ಕೆಯ ಮೇಲೆ ಬಿದ್ದಿದ್ದರೆ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳೂ ಒಳಸೇರಬಹುದು. ಆದ್ದರಿಂದ ಮರಿ ಮಾಡಿಸಲು ನೆಲದ ಮೊಟ್ಟೆಗಳನ್ನು ಬಳಸುವುದಿಲ್ಲ. ಕೊಳೆಯಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯುವುದು ಸರಿಯಲ್ಲ, ಅದೇ ಕಾರಣದಿಂದ ಕೊಳೆ ಒಳಕ್ಕೆ ಹೋಗುತ್ತದೆ.

ಬೇಲಿಯ ಬುಡದಲ್ಲಿ ಒಮ್ಮೆಲೇ ಹತ್ತು ಹನ್ನೆರಡು ಮೊಟ್ಟೆಗಳ ರಾಶಿ ಸಿಕ್ಕಾಗ ಸಂತೋಷದ ಜೊತೆ ಸಂಶಯವೂ ಬರುತ್ತದೆ, ಯಾವುದು ಎಂದಿನದೋ ತಿಳಿಯದು. ನೀರಿನ ಪಾತ್ರೆಯಲ್ಲಿ ಹಾಕಿದರೆ ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರ ಹಳೆಯದು ತೇಲುತ್ತದೆ. ದಿನ ಕಳೆದಂತೆ ತೇವ ಆರಿ ಒಳಗಿನ ಗಾಳಿಕೋಣೆ ದೊಡ್ಡದಾಗುವುದೇ ಇದಕ್ಕೆ ಕಾರಣ. ಇದು ಮೊಟ್ಟೆಯ ವಯಸ್ಸನ್ನು ತಿಳಿಸುತ್ತದೆಯೇ ಹೊರತು ರೋಗಾಣು ಇಲ್ಲವೆಂಬ ಖಾತರಿ ಕೊಡುವುದಿಲ್ಲ. ಅಂತಹ ಮೊಟ್ಟೆಗಳನ್ನು ಮಾರಬಾರದು.

ತೊಡಕುಗಳು

ಕಾವಿಗೆ ಬಂದ ಹೇಂಟೆ ಪೆಟ್ಟಿಗೆಯನ್ನು ಬಿಟ್ಟೇಳುವುದಿಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರಿಕೆಯಿಂದ ಅದು ಮೊಟ್ಟೆಯಿಡುವುದನ್ನು ನಿಲ್ಲಿಸಿ, ಕೈ ಹತ್ತಿರ ತಂದರೆ ಪುಕ್ಕ ಕೆದರಿ ಕುಕ್ಕುತ್ತದೆ. ಮರಿ ಬೇಕಿದ್ದರೆ ಅದನ್ನು ಬೇರೆ ಬುಟ್ಟಿಯಲ್ಲಿ ಮೊಟ್ಟೆಗಳ ಮೇಲೆ ಕೂರಿಸಬೇಕು. 21 ದಿನಗಳಿಗೆ ಮರಿಗಳು ಹೊರಬರುತ್ತವೆ. ಮರಿ ಬೇಡವಾದರೆ ಹಾಸಿಲ್ಲದ, ಕೆಳಗಿನಿಂದ ಗಾಳಿಯಾಡುವ ತಂತಿಯ ಪಂಜರದಲ್ಲಿ ಮೇವು ನೀರು ಕೊಟ್ಟು ಕೆಲವು ದಿನ ಇರಿಸಿದರೆ ಕಾವು ಇಳಿಯುತ್ತದೆ. ನೀರಿನಲ್ಲಿ ಮುಳುಗಿಸುವ ಹಳೆಯ ಪದ್ಧತಿ ಕೋಳಿಗೆ ಹಿಂಸೆಯೇ ಸರಿ.

ಮೊಟ್ಟೆ ಕುಕ್ಕಿ ತಿನ್ನುವ ಚಾಳಿ ಸಾಮಾನ್ಯವಾಗಿ ಆಕಸ್ಮಿಕವಾಗಿ ಒಡೆದ ಮೊಟ್ಟೆಯಿಂದ ಆರಂಭವಾಗುತ್ತದೆ. ತೆಳುವಾದ ಹಾಸು, ಇಕ್ಕಟ್ಟು, ಸುಣ್ಣಾಂಶದ ಕೊರತೆಯಿಂದ ಮೆದುವಾದ ಚಿಪ್ಪು ಇದಕ್ಕೆ ದಾರಿ ಮಾಡಿಕೊಡುತ್ತವೆ. ಮೇವಿನ ಜೊತೆ ಕಪ್ಪೆಚಿಪ್ಪಿನ ಪುಡಿ ಕೊಡುವುದು, ದಿನಕ್ಕೆ ಎರಡು ಮೂರು ಬಾರಿ ಮೊಟ್ಟೆ ತೆಗೆಯುವುದು, ಪೆಟ್ಟಿಗೆಯನ್ನು ಇನ್ನಷ್ಟು ಮಬ್ಬಾಗಿಸುವುದು ಪರಿಹಾರ.

ಇದ್ದಕ್ಕಿದ್ದಂತೆ ಇಡೀ ಹಿಂಡು ಪೆಟ್ಟಿಗೆಯನ್ನು ತೊರೆದರೆ ಮೊದಲು ನೋಡಬೇಕಾದದ್ದು ಕೋಳಿಹೇನು ಮತ್ತು ಹಾವು. ಕೆಂಪು ನುಸಿಯೆಂಬ ಪುಟ್ಟ ಜೀವಿ ಹಗಲು ಹಲಗೆಯ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಹಗಲು ಕೋಳಿಯ ಮೈಮೇಲೆ ಹುಡುಕಿದರೆ ಕಾಣುವುದಿಲ್ಲ. ಕತ್ತಲಾದ ಮೇಲೆ ಬಿಳಿಯ ಬಟ್ಟೆಯನ್ನು ಬಿರುಕುಗಳ ಮೇಲೆ ಎಳೆದರೆ ಕೆಂಪು ಚುಕ್ಕೆಗಳು ಅಂಟಿಕೊಳ್ಳುತ್ತವೆ. ಹಾಸನ್ನು ತೆಗೆದು ಸುಡುವುದು, ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸುವುದು, ಬಿರುಕುಗಳಿಗೆ ಸುಣ್ಣ ಬಳಿಯುವುದು ಅಗತ್ಯ. ಹಾಸಿನಡಿ ಬೇವಿನ ಸೊಪ್ಪು ಹಾಕುವ ವಾಡಿಕೆಯೂ ಇದೆ. ನಯವಾದ ತಗಡು, ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಬಿರುಕು ಕಡಿಮೆಯಾದ್ದರಿಂದ ಈ ಕಾಟವೂ ಕಡಿಮೆ, ಆದರೆ ಬೇಸಿಗೆಯಲ್ಲಿ ತಗಡು ಕಾದು ಹೇಂಟೆಗಳು ಅದನ್ನು ಬಿಟ್ಟೋಡುತ್ತವೆ.

ಕರ್ನಾಟಕದಲ್ಲಿ

ಗ್ರಾಮೀಣ ಕರ್ನಾಟಕದಲ್ಲಿ ಗೂಡುಪೆಟ್ಟಿಗೆಯ ಕೆಲಸವನ್ನು ಬಿದಿರಿನ ಬುಟ್ಟಿ, ಒಡೆದ ಮಡಕೆ, ಹಳೆಯ ಮಂಕರಿಗಳು ಮಾಡುತ್ತ ಬಂದಿವೆ. ಅಡಿಗೆ ಒಲೆಯ ಬೂದಿ ಹರಡಿ ಮೇಲೆ ಹುಲ್ಲು ಹಾಸುತ್ತಾರೆ. ಬೂದಿ ತೇವವನ್ನು ಹೀರುವುದಲ್ಲದೆ ಹೇನನ್ನೂ ದೂರವಿಡುತ್ತದೆ. ಬೆಳಗ್ಗೆ ಹೊರಬಿಡುವ ಮುನ್ನ ಹೇಂಟೆಯನ್ನು ಹಿಡಿದು, ಮೊಟ್ಟೆ ಬಂದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಇದ್ದರೆ ಅದನ್ನು ಮಾತ್ರ ಮಂಕರಿಯಡಿ ಕವುಚಿ ಹಾಕುವುದು ಮನೆಯ ಹಿರಿಯ ಹೆಂಗಸರ ಕೈಚಳಕ. ಹಿತ್ತಿಲ ಕೋಳಿಗಳ ಆದಾಯ ಬಹುತೇಕ ಮನೆಯ ಹೆಣ್ಣುಮಕ್ಕಳ ಕೈಗೆ ಸೇರುವಂತಹದು. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಸುಮಾರು 50ರಿಂದ 60 ಮೊಟ್ಟೆ. ಅದರಲ್ಲಿ ಒಂದು ಸರದಿಯ ಹತ್ತು ಹನ್ನೆರಡು ಬೇಲಿಯಲ್ಲಿ ಮುಂಗುಸಿಯ ಪಾಲಾದರೆ ವರ್ಷದ ಗಳಿಕೆಯ ಐದನೆಯ ಒಂದು ಭಾಗ ಹೋದಂತೆ. ಕಾಣೆಯಾದ ಹೇಂಟೆ ಮೂರು ವಾರಗಳ ಮೇಲೆ ಮರಿಗಳ ಹಿಂಡನ್ನು ಕರೆದುಕೊಂಡು ಅಂಗಳಕ್ಕೆ ಬರುವುದೂ ಉಂಟು. ಆದರೆ ಹೊರಗೆ ಕಾವಿಗೆ ಕೂತ ಹೇಂಟೆಯೇ ಕಾಡುಬೆಕ್ಕಿಗೆ ತುತ್ತಾಗುವ ಸಂಭವವೂ ಅಷ್ಟೇ ಇದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳು ಹಿತ್ತಿಲ ಸಾಕಣೆಗೆ ಬಂದ ಮೇಲೆ ಗೂಡಿನ ಏರ್ಪಾಡು ಸ್ವಲ್ಪ ಬದಲಾಗಬೇಕಾಯಿತು. ಇವು ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆಯಿಡುತ್ತವೆ. ಗಿರಿರಾಜ ಹೇಂಟೆಯ ಮೈತೂಕ ಹೆಚ್ಚು. ನಾಟಿ ಹೇಂಟೆಯಂತೆ ಅಟ್ಟಕ್ಕೋ ಗೂಟದ ಬುಟ್ಟಿಗೋ ಅದು ಹಾರಲಾರದು. ಅದಕ್ಕೆ ಗೂಡು ನೆಲದ ಹತ್ತಿರ, ಅಗಲವಾಗಿ ಬೇಕು. ಕಾವಿಗೆ ಕೂರುವ ಗುಣವೂ ಅದರಲ್ಲಿ ಬಹುಮಟ್ಟಿಗೆ ಇಲ್ಲವಾದ್ದರಿಂದ ಅದರ ಮೊಟ್ಟೆಗಳನ್ನು ನಾಟಿ ಹೇಂಟೆಯ ಅಡಿಯಲ್ಲಿಟ್ಟು ಮರಿ ಮಾಡಿಸುತ್ತಾರೆ. ಹೆಸರಘಟ್ಟದಲ್ಲಿರುವ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆ ಸಾಕಣೆಯಲ್ಲಿ ತರಬೇತಿ ನೀಡುತ್ತದೆ.

ಪಂಜರ ಸಾಕಣೆ ಮತ್ತು ಕಾನೂನು

ಭಾರತದ ಪೇಟೆಗಳಲ್ಲಿ ಸಿಗುವ ಫಾರಂ ಮೊಟ್ಟೆಗಳಲ್ಲಿ ಹೆಚ್ಚಿನವು ತಂತಿಯ ಪಂಜರದ ಕೋಳಿಗಳವು. ಅಲ್ಲಿ ಗೂಡಿಲ್ಲ. ಇಳಿಜಾರಾದ ತಂತಿಯ ತಳದ ಮೇಲೆ ಇಟ್ಟ ಮೊಟ್ಟೆ ಮುಂದಕ್ಕೆ ಉರುಳಿಹೋಗುತ್ತದೆ. ಹಿಕ್ಕೆಯಿಂದ ದೂರವಾಗುವುದರಿಂದ ಮೊಟ್ಟೆ ಶುಚಿಯಾಗಿರುತ್ತದೆ, ಕೆಲಸ ಕಡಿಮೆ, ಬೆಲೆಯೂ ಕಡಿಮೆ. ಸಾಮಾನ್ಯ ಜನರ ತಟ್ಟೆಗೆ ಮೊಟ್ಟೆ ಎಟುಕಿದ್ದರಲ್ಲಿ ಈ ಪದ್ಧತಿಯ ಪಾಲಿದೆ. ಆದರೆ ಗೂಡಿನ ಬಯಕೆ ಒಳಗಿನಿಂದ ಹುಟ್ಟುವಂತಹದಾದ್ದರಿಂದ ಪಂಜರದ ಹೇಂಟೆಯಲ್ಲೂ ಅದು ದಿನವೂ ಏಳುತ್ತದೆ. ಮೊಟ್ಟೆಯಿಡುವ ಮುನ್ನ ಅನೇಕ ಹೇಂಟೆಗಳು ಪಂಜರದೊಳಗೆ ಹಿಂದೆ ಮುಂದೆ ಶತಪಥ ಹಾಕುವುದನ್ನೂ, ತಂತಿಗಳ ನಡುವೆ ತಲೆ ತೂರಿಸಿ ದಾರಿ ಹುಡುಕುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಯೂರೋಪಿಯನ್ ಒಕ್ಕೂಟವು 1999ರ ನಿರ್ದೇಶನದ ಮೂಲಕ ಗೂಡಿಲ್ಲದ ಸಾಂಪ್ರದಾಯಿಕ ಪಂಜರಗಳನ್ನು 2012ರ ಜನವರಿ 1ರಿಂದ ನಿಷೇಧಿಸಿತು. ಅದೇ ನಿರ್ದೇಶನದಂತೆ ಪಂಜರವಿಲ್ಲದ ಸಾಕಣೆಯಲ್ಲಿ ಏಳು ಹೇಂಟೆಗಳಿಗೆ ಕನಿಷ್ಠ ಒಂದು ಗೂಡು ಇರಬೇಕು; ಸಾಮೂಹಿಕ ಗೂಡಾದರೆ 120 ಹೇಂಟೆಗಳಿಗೆ ಒಂದು ಚದರ ಮೀಟರ್ ಜಾಗವಿರಬೇಕು. ಅನುಮತಿಯಿರುವ ಹೊಸ ಬಗೆಯ ಪಂಜರಗಳಲ್ಲೂ ಗೂಡು, ಅಡ್ಡಗೋಲು, ಕೆದಕಲು ಹಾಸು ಕಡ್ಡಾಯ. ಭಾರತದಲ್ಲಿ ಕಾನೂನು ಆಯೋಗವು 2017ರ ಜುಲೈನಲ್ಲಿ ಸಲ್ಲಿಸಿದ 269ನೆಯ ವರದಿಯಲ್ಲಿ ಮೊಟ್ಟೆಕೋಳಿಗಳ ಮತ್ತು ಮಾಂಸದ ಕೋಳಿಗಳ ಸಾಗಣೆ ಹಾಗೂ ಸಾಕಣೆಯ ಸ್ಥಿತಿಯನ್ನು ಪರಿಶೀಲಿಸಿ ಕರಡು ನಿಯಮಗಳನ್ನು ಸೂಚಿಸಿತು.